ಬೀಗರ ಊರಿಗೆ ಹರಿದ ಕೆಸರು

ಹಿರೇಗುಂಟಾದ ಮಂದಿಗೆ ಕಾಗಿಣಾ ಹೊಳೆಯ ದಂಡೆಯ ಮೇಲೆ ಒಂದು ಗಾರ್ಡನ್ ಇತ್ತು. ದೊಡ್ಡದೇನಲ್ಲ. ನಾಲ್ಕು ಬೇವಿನ ಮರ, ಒಂದು ಹುಣಸೆ, ಕಣಗಿಲದ ಬೇಲಿ, ಮಕ್ಕಳಿಗೊಂದು ಜಾರುಬಂಡೆ, ಮುದುಕರು ಕೂಡಲು ಫರ್ಸಿಕಲ್ಲಿನ ಬೆಂಚು. ತೊಂಬತ್ತೈದರ ಸುಮಾರಿಗೆ ಊರವರೇ ಕೂಡಿ ಮಾಡಿದ್ದು. ಸಂಜೆ ಸೊಸೆಯಂದಿರು ಅತ್ತೆಯರ ಕಣ್ಣು ತಪ್ಪಿಸಿ ಒಂದಿಷ್ಟು ಹೊತ್ತು ಕೂಡಬೇಕೆಂದರೆ ಊರಲ್ಲಿ ಅದೊಂದೇ ಜಾಗ. ಅತ್ತೆಯರಿಗೂ ಹಾಗೆಯೇ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಹೊಳೆಯ ಕೆಳಗಡೆ ಬ್ಯಾರೇಜು ಕಟ್ಟಿದರು. ನೀರು ನಿಂತಿತು. ದನಕ್ಕೆ ಬೇಸಿಗೆಯಲ್ಲೂ ನೀರಾಯಿತು, ಕಬ್ಬು ಹಚ್ಚುವವರಿಗೆ ಹಿಗ್ಗಾಯಿತು. ಆದರೆ ಮೊದಲು ಎಲ್ಲೋ ತಗ್ಗಿನಲ್ಲಿ ಹರಿದುಕೊಂಡಿದ್ದ ಹೊಳೆ ಈಗ ಗಾರ್ಡನ್ನಿನ ಎದೆಮಟ್ಟಕ್ಕೆ ಬಂದು ಕೂತಿತು. ಗೇಟು ಹಾಕಿದರೆ ಏರುವುದು, ಎತ್ತಿದರೆ ಇಳಿಯುವುದು. ಎರೆಮಣ್ಣಿನ ಗುಣ ಈ ಕಡೆಯವರಿಗೆ ಹೇಳಿಕೊಡಬೇಕಾಗಿಲ್ಲ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಬಾಯಿ ಬಿಡುತ್ತದೆ. ಪ್ರತಿವರ್ಷ ದಂಡೆ ಒಂದೊಂದು ತುಂಡಾಗಿ ಕಳಚಿ ಬೀಳತೊಡಗಿತು. ಒಂದು ಬೆಳಿಗ್ಗೆ ಬಂದು ನೋಡಿದರೆ ಕಣಗಿಲದ ಬೇಲಿ ಬೇರು ಮೇಲೆ ಮಾಡಿಕೊಂಡು ನೀರಿನಲ್ಲಿ ತೇಲುತ್ತಿತ್ತು.

ಚಿತ್ತಾಪುರದಿಂದ ಸುಜಯ ಎಂಬ ಇಂಜಿನಿಯರ್ ಬಂದು ನೋಡಿದ. ಆಚಾರ್ಯರ ಮನೆಯ ಹುಡುಗ, ಮೆತ್ತಗಿನ ಮಾತು. ಗೋಡೆ ಕಟ್ಟಬೇಡಿ ಎಂದ. ದಂಡೆಯನ್ನು ಕಡಿದು ಹಿಂದಕ್ಕೆ ಸರಿಸಿ ಇಳಿಜಾರು ಮಾಡಬೇಕು, ಬುಡಕ್ಕೆ ಒಡ್ಡೊಡ್ಡು ಕಲ್ಲು ಹಾಕಿ ನೀರು ತಾಕುವಲ್ಲಿ ಜೊಂಡು ನೆಡಬೇಕು, ಅದರ ಮೇಲೆ ಲಾವಂಚ, ಇನ್ನೂ ಮೇಲೆ ಲಕ್ಕಿಗಿಡ. ಬೇರು ಮಣ್ಣನ್ನು ಹಿಡಿಯುತ್ತದೆ, ನೀರು ಏರಿದರೆ ಏರಲಿ, ಇಳಿದರೆ ಇಳಿಯಲಿ. ಗಾರ್ಡನ್ನಿನಲ್ಲಿ ಹತ್ತು ಹನ್ನೆರಡು ಹೆಜ್ಜೆ ಹೋಗುತ್ತದೆ, ಉಳಿದದ್ದು ಉಳಿಯುತ್ತದೆ ಎಂದ.

ಆಗ ಎದ್ದುನಿಂತವನು ಅಂಬಾರಾಯ. ಶಹಾಬಾದ್ ರಸ್ತೆಯಲ್ಲಿ ಅವನದು ಕಲ್ಲು ಪಾಲಿಶ್ ಮಾಡುವ ಮಷಿನ್. ಸುತ್ತಲಿನ ಊರುಗಳಲ್ಲಿ ಅವನು ಕೊಟ್ಟ ಫರ್ಸಿ ಹಾಸದ ಮನೆ ಕಡಿಮೆ. ಗಾರ್ಡನ್ ಕಮಿಟಿಗೆ ಅವನೇ ಹಿರಿಯ. ಅವನ ಮಾತಿಗೆ ಮಂದಿ ನಗುತ್ತಿದ್ದರು, ಅದು ಅವನಿಗೆ ಗೊತ್ತಿತ್ತು, ಅದೇ ಅವನ ಕೇಡು.

"ಸಾಹೇಬ್ರ, ನಮ್ಮೂರಾಗ ಗೇಣು ಬದುವಿನ ಸಲುವಾಗಿ ಅಣ್ಣ ತಮ್ಮರು ಕೋರ್ಟಿಗಿ ಹೋಗ್ತಾರ," ಎಂದ. "ನೀವು ನೋಡಿದ್ರ ಹೊಳಿಗಿ ಪುಕ್ಕಟೆ ಜಾಗ ಬಿಡ್ರಿ ಅಂತೀರಿ. ಹೊಳಿ ನಿಮಗ ಏನರ ವಕೀಲಕಿ ಕೊಟ್ಟದೇನು?"

ಎಲ್ಲರೂ ನಕ್ಕರು. ಸುಜಯನ ಕಿವಿ ಕೆಂಪಾಯಿತು. ಚಹಾ ಮುಗಿಸಿ ಅವನು ಮೋಟಾರ್‌ಸೈಕಲ್ ಹತ್ತಿದ.

ಅಂಬಾರಾಯನ ತಲೆಯಲ್ಲಿದ್ದುದು ಬೇರೆ. ಕಲ್ಲು ಪಾಲಿಶ್ ಮಾಡುವಾಗ ನೀರಿನ ಜೊತೆ ಬಿಳಿ ಕೆಸರು ಬರುತ್ತದೆ. ಅದು ಹೊಂಡದಲ್ಲಿ ಇಳಿದು ಒಣಗಿದರೆ ಗಾರೆಯ ಹಾಗೆ ಗಟ್ಟಿಯಾಗುತ್ತದೆ. ಶಹಾಬಾದ್ ಸುತ್ತಮುತ್ತ ಅದನ್ನು ದನದ ಕೊಟ್ಟಿಗೆಗೆ ಹಾಕುತ್ತಾರೆ, ಕಣಕ್ಕೆ ಹಾಕುತ್ತಾರೆ, ಅಂಗಳದ ತಗ್ಗಿಗೆ ಹಾಕುತ್ತಾರೆ. ಎತ್ತು ತಿರುಗಾಡಿದರೂ ಗೊರಸಿನ ಗುರುತು ಮೂಡುವುದಿಲ್ಲ. ಅವನ ಹೊಂಡಗಳು ಆ ಬೇಸಿಗೆ ತುಂಬಿ ತುಳುಕುತ್ತಿದ್ದವು, ಎಲ್ಲಿ ಚೆಲ್ಲುವುದೆಂದು ಚಿಂತೆಯಿತ್ತು. ದಂಡೆಗೆ ಹಾಕಿದರೆ ಕಸವೂ ಹೋಯಿತು, ಕೀರ್ತಿಯೂ ಬಂತು.

ಟ್ರ್ಯಾಕ್ಟರುಗಳು ಓಡಾಡಿದವು. ಕಳಚಿದ ದಂಡೆಯ ತಗ್ಗೆಲ್ಲ ಬಿಳಿ ಕೆಸರಿನಿಂದ ತುಂಬಿತು, ಮೇಲೆ ರೋಲರ್ ಹೊಡೆಸಿದರು, ಹೊಳೆಯ ಕಡೆಗೆ ಫರ್ಸಿಯ ತುಂಡು ಹಚ್ಚಿದರು. ಬಿಸಿಲಿಗೆ ಒಣಗಿ ಅದು ಎಷ್ಟು ಗಟ್ಟಿಯಾಯಿತೆಂದರೆ ಗುದ್ದಲಿ ಹಾಕಿದರೆ ಕಿಡಿ ಹಾರಬೇಕು. ಗಾರ್ಡನ್ನಿಗೆ ಹೋದ ಜಾಗವೂ ಬಂತು, ಮೇಲೆ ಒಂದಿಷ್ಟು ಹೊಸ ಜಾಗವೂ ಬಂತು. ಹೊಳೆಯಿಂದ ಗೆದ್ದುಕೊಂಡ ನೆಲವೆಂದು ಮಂದಿ ಅದರ ಮೇಲೆ ಕಾಲು ಅಪ್ಪಳಿಸಿ ನೋಡಿದರು.

ಅಂಗಳದಲ್ಲಿ ನೀರು ಬೀಳುತ್ತದೆ, ಹರಿದು ಹೋಗುತ್ತದೆ. ಹೊಳೆಯಲ್ಲಿ ನೀರು ಬರುತ್ತದೆ, ಕೂಡುತ್ತದೆ. ಈ ವ್ಯತ್ಯಾಸ ಅಷ್ಟು ಮಂದಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅವರು ಕಂಡದ್ದೆಲ್ಲ ಅಂಗಳವೇ.

ಮಳೆಗಾಲ ಮುಗಿದು ಬ್ಯಾರೇಜಿನ ಗೇಟು ಹಾಕಿದರು. ನೀರು ಮೆಲ್ಲಗೆ ಬಿಳಿ ದಂಡೆಯ ಸೊಂಟದವರೆಗೆ ಬಂತು. ದೀಪಾವಳಿ ಹೋಯಿತು, ಎಳ್ಳಮಾಸಿ ಹೋಯಿತು, ದಂಡೆ ಅಲುಗಲಿಲ್ಲ. ಒಳಗೆ ಅದು ನೀರು ಕುಡಿಯುತ್ತ ಕೂತಿದ್ದನ್ನು ಮೇಲಿನಿಂದ ನೋಡುವವರಿಗೆ ಹೇಗೆ ಗೊತ್ತಾಗಬೇಕು. ಸಂಕ್ರಾಂತಿಯ ಹಿಂದಿನ ದಿನ, ಕೆಳಗಿನ ಊರುಗಳವರಿಗೆ ಹೊಳೆಯ ಸ್ನಾನಕ್ಕೆ ಹರಿಯುವ ನೀರು ಸಿಗಲೆಂದು ಒಂದೆರಡು ಗೇಟು ಎತ್ತಿದರು. ನೀರು ಮೊಳಗಟ್ಟಲೆ ಇಳಿಯಿತು. ಆತುಕೊಂಡಿದ್ದ ನೀರು ಹಿಂದೆ ಸರಿದದ್ದೇ ತಡ, ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತ ಹೊತ್ತಿನಲ್ಲಿ, ಗಡಿಗೆ ಓರೆ ಮಾಡಿದಾಗ ಮೊಸರು ಜಾರುವ ಹಾಗೆ ದಂಡೆಗೆ ದಂಡೆಯೇ ಹೊಳೆಗೆ ಜಾರಿತು. ಜೊತೆಗೊಂದು ಬೇವಿನ ಮರ ಹೋಯಿತು. ಜಾರುಬಂಡೆ ಒಂದು ಕಾಲು ನೀರಿನಲ್ಲಿಟ್ಟು ನಿಂತಿತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ.

ಅಂಬಾರಾಯ ಕೈ ತೊಳೆಯದೆ ಓಡಿ ಬಂದ. ಹೊಳೆ ಈ ದಂಡೆಯಿಂದ ಆ ದಂಡೆಯವರೆಗೆ ಹಾಲು. ಆ ಹಾಲು ಮೆಲ್ಲಗೆ, ಅವಸರವಿಲ್ಲದೆ, ಕೆಳಗೆ ಹೊರಟಿತ್ತು.

ಕೆಳಗೆ ಒಂದು ಹರದಾರಿಯಲ್ಲಿ, ಬ್ಯಾರೇಜಿನ ಆಚೆ, ತೆಗ್ಗಿನಹಾಳ. ಅಲ್ಲಿಗೆ ಅವನು ಮಗಳು ದೇವಿಕಾಳನ್ನು ಕೊಟ್ಟಿದ್ದ.

ಮರುದಿನ ತೆಗ್ಗಿನಹಾಳದಲ್ಲಿ ಆದದ್ದನ್ನು ಅವನು ಮಂದಿಯ ಬಾಯಿಂದ ಕೇಳಿದ. ಅರಿಶಿಣ ಎಳ್ಳು ಅರೆದು ಮೈಗೆ ಹಚ್ಚಿಕೊಂಡು ಹೊಳೆಗಿಳಿದವರು ಸುಣ್ಣ ಬಳಿದ ಗೋಡೆಗಳಾಗಿ ಮೇಲೆ ಬಂದರಂತೆ. ಬಿಸಿಲಿಗೆ ಮೈ ಬಿಗಿದು ಚರ್ಮ ಎಳೆಯಿತಂತೆ, ಹೆಂಗಸರ ಕೂದಲು ಹಗ್ಗವಾಯಿತಂತೆ, ಹುಡುಗರ ಕಣ್ಣು ಕೆಂಪಾದವಂತೆ. ಕಟ್ಟಿಕೊಂಡು ಹೋದ ಸಜ್ಜೆರೊಟ್ಟಿಯ ಗಂಟು ಬಿಚ್ಚದೆ ಮಂದಿ ಮನೆಗೆ ತಿರುಗಿದರಂತೆ. ಎಮ್ಮೆಗಳು ನೀರು ಮೂಸಿ ಹಿಂದೆ ಸರಿದವು. ಮೀನು ಹೊಟ್ಟೆ ಮೇಲೆ ಮಾಡಿ ತೇಲಿದವು. ಹಬ್ಬ ಮುಗಿದ ಮೇಲೆ ಗೇಟು ಮತ್ತೆ ಹಾಕಿದರು. ನೀರು ನಿಂತಿತು, ಕೆಸರೂ ನಿಂತಿತು. ಆ ಊರಿಗೆ ಹೊಳೆ ಬಿಟ್ಟರೆ ಒಂದು ಬೋರು, ಅದೂ ಸವಳು ನೀರಿನದು.

ಯಾವುದೋ ಪಾಲಿಶ್ ಮಷಿನ್ನಿನ ಹೊಂಡ ಒಡೆದಿರಬೇಕು ಎಂದು ಅಲ್ಲಿ ಮಾತಾಯಿತು. ಹೊಳೆಯ ಉದ್ದಕ್ಕೂ ಮಷಿನ್‌ಗಳು ಬೇಕಾದಷ್ಟಿದ್ದವು. ಹಿರೇಗುಂಟಾದವರು ಬಾಯಿ ಬಿಡಲಿಲ್ಲ, ಯಾಕೆಂದರೆ ಆ ದಂಡೆಯ ಮೇಲೆ ಕಾಲು ಅಪ್ಪಳಿಸಿ ನೋಡದವರು ಅಲ್ಲಿ ಯಾರಿದ್ದರು.

ಅಂಬಾರಾಯನೂ ಬಾಯಿ ಬಿಡಲಿಲ್ಲ. ಹೆಣ್ಣು ಕೊಟ್ಟವನ ತಲೆ ಹೇಗೂ ಒಂದು ಬೆರಳು ತಗ್ಗೇ ಇರುತ್ತದೆ. ಇದು ಗೊತ್ತಾದರೆ ಮಗಳು ಆ ಮನೆಯಲ್ಲಿ ಮುಖ ಎತ್ತುವುದು ಹೇಗೆ ಎಂದುಕೊಂಡ. ಮಗಳಿಗಾಗಿ ಸುಮ್ಮನಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡಷ್ಟೂ ಅದು ಸುಳ್ಳೆನಿಸುತ್ತಿತ್ತು.

ಕೊನೆಗೆ ಮಷಿನ್ನಿನ ನೀರಿನ ಟ್ಯಾಂಕರಿಗೆ ಒಳ್ಳೆ ಬಾವಿಯ ಸಿಹಿನೀರು ತುಂಬಿಸಿದ. ಡ್ರೈವರ್ ಬಾಬುಮಿಯಾನನ್ನು ಕರೆದು, ತೆಗ್ಗಿನಹಾಳಕ್ಕೆ ಒಯ್ಯಿ, ಬೀಗರು ಕಳಿಸಿದ್ದಾರೆ ಅಂತ ಹೇಳು, ಬೇರೆ ಏನು ಕೇಳಿದರೂ ಗೊತ್ತಿಲ್ಲ ಅನ್ನು ಎಂದ. ಬಾಬುಮಿಯಾ ಇಪ್ಪತ್ತು ವರ್ಷದಿಂದ ಅವನಲ್ಲಿದ್ದವನು. ಗಡ್ಡ ಕೆರೆದುಕೊಂಡ.

"ಆಯ್ತು ಮಾಲಕ್. ಗೊತ್ತಿಲ್ಲ ಅನ್ನಲಿಕ್ಕಿ ನನಗ ಚಲೋ ಬರ್ತದ. ನಿಮ್ಮ ಹಂತೇಕೇ ಕಲ್ತೀನಿ."

ಅಂಬಾರಾಯ ಆ ಮಾತನ್ನು ಕೇಳಿಸಿಕೊಳ್ಳದವನ ಹಾಗೆ ಒಳಗೆ ಹೋದ.

ಸಂಜೆ ಟ್ಯಾಂಕರ್ ತಿರುಗಿ ಬಂತು. ಅದರ ಬಾನೆಟ್ಟಿಗೆ ಅರಿಶಿಣ ಕುಂಕುಮ ಹಚ್ಚಿದ್ದರು, ಕನ್ನಡಿಗೆ ಹೂವು ಸಿಕ್ಕಿಸಿದ್ದರು. ಬಾಬುಮಿಯಾನ ಕೈಯಲ್ಲಿ ಅರ್ಧ ತೆಂಗಿನಕಾಯಿ ಮತ್ತು ಒಂದು ಬುಟ್ಟಿ ಬದನೆಕಾಯಿ. ಊರಿನ ಹೆಂಗಸರು ಟ್ಯಾಂಕರಿಗೆ ಕಾಯಿ ಒಡೆದರು, ಬಂದ ಬಂಡಿಯನ್ನು ಬರಿದು ಕಳಿಸಬಾರದು ಅಂತ ಬದನೆಕಾಯಿ ಹಾಕಿದರು ಎಂದು ಹೇಳಿದ.

ಈ ಸೀಮೆಯಲ್ಲಿ ಅದು ಎಲ್ಲರಿಗೂ ಗೊತ್ತಿರುವ ರೀತಿ. ನೆರೆಮನೆಯಿಂದ ಬಟ್ಟಲಲ್ಲಿ ಪಲ್ಯ ಬಂದರೆ ಬಟ್ಟಲನ್ನು ಬರಿದಾಗಿ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಿಟಿಕೆ ಸಕ್ಕರೆಯಾದರೂ ಹಾಕಬೇಕು. ಅಂಬಾರಾಯನ ಹೆಂಡತಿ ಅಮೃತಮ್ಮನಿಗೆ ಹಿಗ್ಗು. ಬದನೆಕಾಯಿ ಎಣ್ಣೆಗಾಯಿ ಮಾಡಿ ಬಡಿಸಿದಳು. ಬೀಗರ ಊರಿನ ಬದನೆಕಾಯಿ ಬೆಣ್ಣೆಯ ಹಾಗಿದೆ ನೋಡ್ರಿ ಎಂದಳು. ಅವನಿಗೆ ಒಂದು ತುತ್ತೂ ಇಳಿಯಲಿಲ್ಲ. ಹಲ್ಲು ನೋಯುತ್ತಿದೆ ಎಂದು ಎದ್ದ.

ಎರಡನೆಯ ಸಲ ಟ್ಯಾಂಕರಿನಲ್ಲಿ ಒಂದು ಗಡಿಗೆ ಮೊಸರು ಬಂತು. ಕೊಟ್ಟವಳಿಗೆ ಇದ್ದದ್ದು ಒಂದೇ ಎಮ್ಮೆ, ಅದೂ ಹೊಳೆಯ ನೀರು ಮುಟ್ಟದೆ ಬಡವಾಗಿದೆ, ಆದರೂ ಕೊಟ್ಟಳು ಎಂದು ಬಾಬುಮಿಯಾ ಕೇಳದಿದ್ದರೂ ಹೇಳಿದ. ಮೂರನೆಯ ಸಲ ಎಳೆಗಡಲೆಯ ಗಿಡ, ಹುಡುಗರು ಕಿತ್ತು ತಂದು ಹಾಕಿದ್ದು. ಟ್ಯಾಂಕರ್ ಗೇಟಿನೊಳಗೆ ಬರುವ ಸಪ್ಪಳ ಕೇಳಿದರೆ ಅಂಬಾರಾಯ ಎದ್ದು ಹಿತ್ತಲಿಗೆ ಹೋಗುತ್ತಿದ್ದ. ಅದು ಒಮ್ಮೆಯಾದರೂ ಬರಿದಾಗಿ ಬರಬಾರದೇ ಎಂದು ಹಂಬಲಿಸಿದ. ಬೈದು ಕಳಿಸಿದ್ದರೂ ಉಂಡು ಅರಗಿಸಿಕೊಳ್ಳಬಹುದಿತ್ತು.

ಅಮೃತಮ್ಮ ಒಂದು ಸ್ಟೀಲಿನ ಡಬ್ಬಿಯಲ್ಲಿ ಶೇಂಗಾ ಉಂಡೆ ತುಂಬಿ ಮಗಳಿಗೆಂದು ಟ್ಯಾಂಕರಿನಲ್ಲಿ ಕಳಿಸಿದಳು. ಸಂಜೆ ಡಬ್ಬಿ ತಿರುಗಿ ಬಂತು. ಭಾರವಾಗಿತ್ತು. ಮುಚ್ಚಳ ತೆಗೆದು ಅವಳು ಹುಬ್ಬು ಗಂಟಿಕ್ಕಿದಳು. ಒಳಗೆ ಬಿಳಿ ಮಣ್ಣಿನ ಒಂದು ಹೆಂಟೆ. ಒಣಗಿ ಕಲ್ಲಾಗಿತ್ತು. ಅದರಲ್ಲಿ ಎಮ್ಮೆಯ ಎರಡು ಕರಿ ಕೂದಲು ಅಂಟಿಕೊಂಡಿದ್ದವು.

"ಯಾವನೋ ಹುಡುಗ ಮಸ್ಕಿರಿ ಮಾಡ್ಯಾನ," ಎಂದು ಅವಳು ಅದನ್ನು ಹಿತ್ತಲಿಗೆ ಎಸೆದಳು.

ಅಂಬಾರಾಯ ಖಾಲಿ ಡಬ್ಬಿ ಹಿಡಿದು ಕೂತ. ಹುಡುಗರದಲ್ಲ, ದೇವಿಕಾಳದೇ ಕೆಲಸ ಎಂದುಕೊಂಡ. ಅವಳು ಆ ಮಣ್ಣಿನಲ್ಲಿ ಗುಬ್ಬಿಮನೆ ಕಟ್ಟಿ ಬೆಳೆದವಳು. ಕಣ್ಣು ಮುಚ್ಚಿ ಕೈಗೆ ಕೊಟ್ಟರೂ ಗುರುತು ಹಿಡಿಯುತ್ತಿದ್ದಳು. ತನ್ನ ಮಗಳೇ ತನ್ನ ಬಾಯಿಗೆ ಮಣ್ಣು ಕಳಿಸಿದಳಲ್ಲ ಎಂದು ಸಂಕಟವಾಯಿತು. ಕಳಿಸಬೇಕಾದದ್ದೇ ಎಂದೂ ಅನಿಸಿತು.

ಮರುದಿನ ಮುಂಜಾನೆ ಅವನು ಒಬ್ಬನೇ ತೆಗ್ಗಿನಹಾಳಕ್ಕೆ ಹೋದ. ಹೆಣ್ಣು ಕೊಟ್ಟವರು ಬೀಗರ ಮನೆಗೆ ಬರಿಗೈಯಲ್ಲಿ ಹೋಗುವುದಿಲ್ಲ; ಆ ದಿನ ಅವನು ಹಾಗೇ ಹೋದ. ಪೇಟೆಯಲ್ಲಿ ಮೋಟಾರ್‌ಸೈಕಲ್ ನಿಲ್ಲಿಸಿ ಬಾಳೆಹಣ್ಣಿನ ಗೊನೆಯತ್ತ ನೋಡಿದ್ದುಂಟು, ಆದರೆ ಯಾವ ಮುಖದಿಂದ ಕೊಡುವುದು ಎಂದು ಮುಂದೆ ಸಾಗಿದ.

ಬೀಗ ರೇವಣಸಿದ್ದ ಅಂಗಳದಲ್ಲೇ ಸಿಕ್ಕ. ಎಂದಿನಂತೆ ಬರ್ರಿ ಬೀಗರ, ಕುಂದ್ರಿ ಎಂದು ಹೊರಸಿನ ಮೇಲೆ ಕಂಬಳಿ ಹಾಸಿದ. ಎತ್ತಿನ ಮಾತು, ತೊಗರಿಯ ಮಾತು ಆಡಿದ. ಅವನ ಹೆಂಡತಿ ಭೀಮಮ್ಮ ಒಳಗಿನಿಂದ ಹಿತ್ತಾಳೆಯ ತಂಬಿಗೆ ತಂದು ಮುಂದಿಟ್ಟಳು.

"ಕುಡೀರಿ ಬೀಗರ. ನಿಮ್ಮದೇ ನೀರು."

ಅವನು ತಂಬಿಗೆ ಎತ್ತಿದ, ಮತ್ತೆ ಇಟ್ಟ. ಭೀಮಮ್ಮ ಕಂಬಕ್ಕೆ ಆತು ಕೂತಳು. ಡಬ್ಬಿ ಮುಟ್ಟಿತೇ ಎಂದು ಕೇಳಿದಳು. ಆಗ ಅವನಿಗೆ ತಿಳಿಯಿತು.

"ದೇವಿಕಾ ಕಳಿಸ್ಯಾಳ ಅಂತ ತಿಳದಿದ್ದೆ," ಎಂದ ತಲೆ ತಗ್ಗಿಸಿ.

"ಆಕಿ ಯಾಕ ಕಳಸ್ತಾಳ್ರಿ? ಆಕಿ ಬಾಯಿ ಹೊಲಕೊಂಡು ಕುಂತಾಳ. ಎಮ್ಮಿ ಮೈಮ್ಯಾಗಿಂದು ಕೆರೆದು ಕಳಿಸಿದಾಕಿ ನಾನು. ಬರಿ ಡಬ್ಬಿ ಕಳಿಸಬಾರದಲ್ಲ, ಅದಕ್ಕ."

ಆಮೇಲೆ ಅವಳು ನಡೆದದ್ದನ್ನು ಹೇಳಿದಳು. ದನಿ ಎತ್ತಲಿಲ್ಲ. ಸಂಕ್ರಾಂತಿಯ ದಿನ ಮೊಣಕಾಲು ನೀರಿನಲ್ಲಿ ನಿಂತ ದೇವಿಕಾ ಕೆಸರನ್ನು ಎರಡು ಬೆರಳಿನಲ್ಲಿ ತಿಕ್ಕಿ ನೋಡಿ, ಇದು ನಮ್ಮಪ್ಪನ ಮಷಿನ್ನಿನ ಮಣ್ಣು ಎಂದಳಂತೆ. ಅಂದವಳೇ ತುಟಿ ಕಚ್ಚಿಕೊಂಡಳಂತೆ. ಪಕ್ಕದಲ್ಲಿದ್ದ ಅತ್ತೆಯ ಹೊರತು ಯಾರೂ ಕೇಳಲಿಲ್ಲ. ಅಂದಿನಿಂದ ಅವಳು ಟ್ಯಾಂಕರ್ ಬಂದ ಕೂಡಲೇ ಕೊಡ ತೆಗೆದುಕೊಂಡು ಓಡುತ್ತಾಳೆ. ತನ್ನ ಮನೆಗಲ್ಲ. ಬಾಣಂತಿಯರ ಮನೆಗೆ, ಕಾಲು ಸೋತ ಮುದುಕಿಯರ ಮನೆಗೆ, ಕಣ್ಣು ಕೆಂಪಾದ ಮಕ್ಕಳಿದ್ದವರ ಮನೆಗೆ. ಮಂದಿ ಅವಳಪ್ಪ ನೀರು ಕಳಿಸಿದ ಎಂದು ಅವಳನ್ನು ಹರಸುತ್ತಾರೆ, ಅವಳು ನೆಲ ನೋಡುತ್ತಾಳೆ.

"ಯಾಕ ಇಷ್ಟು ಹೊರ್ತಿ ಅಂತ ಕೇಳಿದ್ರ, ಖಾಲಿ ಕುಂತೀನಿ ಅತ್ತಿ, ಹೊತ್ತು ಹೋಗ್ತದ ಅಂತಾಳ. ಹತ್ತಿ ಬಿಡಿಸೋ ದಿನದಾಗ ಯಾವ ಸೊಸಿ ಖಾಲಿ ಕುಂತಿರ್ತಾಳ್ರಿ ಬೀಗರ?"

ರೇವಣಸಿದ್ದ ಎದ್ದು ಎತ್ತಿಗೆ ಸೊಪ್ಪೆ ಹಾಕಲು ಹೋದ. ಬೀಗನ ಮುಖ ನೋಡಲಾಗದೆ ಹೋದನೆಂಬುದು ಸ್ಪಷ್ಟವಿತ್ತು.

"ನಾ ಊರಾಗ ಯಾರ ಮುಂದೂ ಉಸುರಿಲ್ಲ," ಎಂದಳು ಭೀಮಮ್ಮ. "ನಿಮ್ಮ ಮಾರಿ ಉಳಸಲಿಕ್ಕಲ್ಲ. ನನ್ನ ಸೊಸಿ ಮಾರಿ ಉಳಸಲಿಕ್ಕಿ. ಖರೇ ಹೇಳ್ರಿ, ನಿಮ್ಮ ತಪ್ಪು ಆಕಿ ಎಷ್ಟು ದಿನ ಹೊರಬೇಕು?"

ಮಗಳಿಗಾಗಿ ಬಾಯಿ ಮುಚ್ಚಿಕೊಂಡಿದ್ದೇನೆ ಎಂದು ಇಷ್ಟು ದಿನ ತನಗೆ ತಾನು ಹೇಳಿಕೊಂಡದ್ದೆಲ್ಲ ಆ ಒಂದು ಮಾತಿಗೆ ಪುಡಿಯಾಯಿತು. ಅವನ ಮುಖ ಉಳಿಸಿದ್ದು ಮಗಳು, ಮಗಳ ಮುಖ ಉಳಿಸಿದ್ದು ಅವಳ ಅತ್ತೆ. ಅವನು ಯಾರದನ್ನೂ ಉಳಿಸಿರಲಿಲ್ಲ.

ಅಷ್ಟರಲ್ಲಿ ಹನುಮಪ್ಪನ ಕಟ್ಟೆಯ ಹತ್ತಿರ ಟ್ಯಾಂಕರಿನ ಹಾರ್ನ್ ಆಯಿತು. ಅಂಬಾರಾಯ ಎದ್ದು ಆ ಕಡೆ ನಡೆದ. ಅಲ್ಲಿ ಕೊಡಗಳ ಸಾಲು, ಹೆಂಗಸರ ಗದ್ದಲ. ಅವನನ್ನು ಕಂಡು ಮಂದಿ ಸರಿದು ದಾರಿ ಕೊಟ್ಟರು. ದೇವಿಕಾ ಸಾಲಿನ ಮುಂದಿದ್ದಳು, ಸೊಂಟದಲ್ಲಿ ತುಂಬಿದ ಕೊಡ. ಸಂಕ್ರಾಂತಿಯ ಮೊದಲು ನೋಡಿದ್ದಕ್ಕಿಂತ ಇಳಿದುಹೋಗಿದ್ದಳು. ಬಾಬುಮಿಯಾ ಪೈಪು ಹಿಡಿದು ನಿಂತವನು ಮಾಲಕನ ಮುಖ ನೋಡಿ ನೀರು ನಿಲ್ಲಿಸಿದ.

"ಹೊಳಿಗಿ ಬಂದ ಕೆಸರು ನಂದು," ಎಂದ ಅಂಬಾರಾಯ. "ಯಾವ ಹೊಂಡಾನೂ ಒಡದಿಲ್ಲ. ಇಂಜಿನಿಯರ್ ಬ್ಯಾರೆ ಹೇಳಿದ್ರೂ ಕೇಳದ ನಾನೇ ದಂಡಿಗಿ ಹಾಕಿಸಿದ್ದು. ಹೇಳಲಿಕ್ಕಿ ಮಾರಿ ಇರಲಿಲ್ಲ, ನೀರು ಕಳಿಸಿದೆ."

ಟ್ಯಾಂಕರಿನ ಬಾಯಿಂದ ಹನಿ ತೊಟ್ಟಿಕ್ಕುವುದು ಕೇಳುತ್ತಿತ್ತು. ಮೊಸರು ಕಳಿಸಿದ್ದ ಹೆಂಗಸು ಮುಂದೆ ಬಂದಳು, ತನ್ನ ತುಂಬಿದ ಕೊಡವನ್ನು ಅವನ ಕಾಲಬುಡದಲ್ಲಿ ಬಗ್ಗಿಸಿದಳು. ನೀರು ಅವನ ಚಪ್ಪಲಿ ತೋಯಿಸಿ ಹರಿಯಿತು. ಇನ್ನೊಬ್ಬಳು ಕೊಡ ಎತ್ತಿದಳು. ಆಗ ಹಿಂದಿನಿಂದ ಒಬ್ಬ ಮುದುಕಿ, ಕುಡಿಯೋ ನೀರು ಯಾಕ ಚೆಲ್ತೀರೇ, ನೀರಿಂದೇನು ತಪ್ಪದ ಎಂದಳು. ಕೊಡ ಕೆಳಗಿಳಿಯಿತು.

ಅಂಬಾರಾಯ ಮಗಳ ಕೊಡಕ್ಕೆ ಕೈ ಹಾಕಿದ. ಅವಳು ಬಿಡಲಿಲ್ಲ.

"ನೀ ಮೊದಲನೇ ದಿನಾನೇ ಬರ್ತಿ ಅಂತ ಮಾಡಿದ್ನೆಪ್ಪಾ," ಎಂದಳು ಅವಳು, ಅವನಿಗಷ್ಟೇ ಕೇಳುವ ಹಾಗೆ. "ಟ್ಯಾಂಕರ್ ಬಂದಾಗೆಲ್ಲ ಮುಂದಿನ ಸೀಟು ನೋಡ್ತಿದ್ದೆ."

ಆ ಮಾತು ಹೆಂಗಸಿನ ಕೊಡಕ್ಕಿಂತ ಹೆಚ್ಚು ತೋಯಿಸಿತು. ಕೊಡ ಅವನ ಹೆಗಲಿಗೆ ಬಂತು. ಅವಳು ಮುಂದೆ, ಅವನು ಹಿಂದೆ. ಬಾಣಂತಿಯ ಮನೆ, ಮುದುಕಿಯ ಮನೆ. ಅಭ್ಯಾಸವಿಲ್ಲದ ಹೆಗಲು, ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು. ಓಣಿಯ ಹುಡುಗಿಯರು ನಕ್ಕರು. ಅವನು ನಗಿಸುತ್ತಿದ್ದವನು, ಈಗ ನಗೆಗೀಡಾದವನು; ಅದೂ ಸರಿಯೇ ಎಂದುಕೊಂಡ.

ಹೊರಡುವಾಗ ಭೀಮಮ್ಮ ಹೇಳಿದ್ದು ಇಷ್ಟು: ಬಾಯಿಲೆ ಹೇಳಿದ್ದು ಮಂದಿ ಕೇಳಿದರು, ಹೊಳೆ ಕೇಳುವುದಿಲ್ಲ. ಮುಂದಿನ ಸಲ ಗೇಟು ಎತ್ತಿದಾಗ ಉಳಿದ ಕೆಸರೂ ಇಲ್ಲಿಗೇ ಬರುತ್ತದೆ. ಅದನ್ನು ತೆಗೆದು ಆಮೇಲೆ ಬೀಗತನದ ಮಾತಾಡಿ.

ಅಂಬಾರಾಯ ಮರುದಿನವೇ ಚಿತ್ತಾಪುರಕ್ಕೆ ಹೋಗಿ ಸುಜಯನ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂತ. ವಕೀಲಕಿಯ ಮಾತನ್ನು ಅವನು ತಿರುಗಿಸಿ ಆಡಿದರೆ ಏನು ಹೇಳಬೇಕೆಂದು ಉತ್ತರ ಕಟ್ಟಿಕೊಂಡಿದ್ದ. ಸುಜಯ ಹೊರಗೆ ಬಂದು ನೋಡಿ, ನಡೀರಿ, ಹೋಗೋಣ ಎಂದ. ಆಡದೆ ಬಿಟ್ಟ ಆ ಮಾತು ಹಿರೇಗುಂಟಾದವರೆಗೂ ಅಂಬಾರಾಯನ ಜೊತೆಗೇ ಬಂತು.

ಬೇಸಿಗೆಯಲ್ಲಿ ನೀರು ಇಳಿದಾಗ ಕೆಲಸ ಶುರುವಾಯಿತು. ದಂಡೆಯಲ್ಲಿ ಉಳಿದ ಬಿಳಿ ಕೆಸರನ್ನೆಲ್ಲ ಬಾಚಿ, ಕಲ್ಲು ತೆಗೆದು ಬಿಟ್ಟ ಹಳೆಯ ಖಣಿಯೊಂದಕ್ಕೆ ತುಂಬಿದರು. ಅಲ್ಲಿಂದ ಅದು ಎಲ್ಲಿಗೂ ಹರಿಯುವಂತಿರಲಿಲ್ಲ. ಹಾಕಲು ಒಂದು ವಾರ ಹಿಡಿದದ್ದು ತೆಗೆಯಲು ಎರಡು ತಿಂಗಳು ಹಿಡಿಯಿತು. ಆಮೇಲೆ ಸುಜಯ ಸುಣ್ಣದ ಪುಡಿಯಲ್ಲಿ ಗೆರೆ ಎಳೆದ. ಗೆರೆ ಬೆಂಚುಗಳ ಹಿಂದೆ ಹಾದು, ಒಂದು ಬೇವಿನ ಮರವನ್ನು ಹೊಳೆಯ ಕಡೆಗೆ ಬಿಟ್ಟಿತು. ಊರವರು ಗೊಣಗಿದರು. ಅಷ್ಟು ಜಾಗ ಬಿಟ್ಟರೆ ಗಾರ್ಡನ್ ಏನು ಉಳಿಯಿತು ಎಂದರು. ಹಿಂದೆಯಾಗಿದ್ದರೆ ಅಂಬಾರಾಯ ಒಂದು ಮಾತಿನಲ್ಲಿ ಅವರನ್ನು ನಗಿಸಿ ಒಪ್ಪಿಸುತ್ತಿದ್ದ. ಈಗ ಅವನ ಬಾಯಿಗೆ 'ನಾ ಮಾಡಿದ್ದು ನೋಡಿದ್ರಲ್ಲ' ಎಂಬುದಕ್ಕಿಂತ ಹೆಚ್ಚು ಬರಲಿಲ್ಲ. ಅದು ಸಾಕಾಯಿತು. ಬೆಂಚುಗಳನ್ನು ಹೊತ್ತು ಹಿಂದೆ ಹಾಕಿದರು. ದಂಡೆಯನ್ನು ಎತ್ತಿನ ಬಂಡಿ ಇಳಿಯುವಷ್ಟು ಸಾವಕಾಶ ಇಳಿಜಾರು ಮಾಡಿದರು. ಬುಡಕ್ಕೆ ಪಾಲಿಶ್ ಆಗದ, ಮೂಲೆ ಮುರಿದ ಒಡ್ಡು ಕಲ್ಲು ಸುರಿದರು.

ಲಾವಂಚದ ಸಸಿ ಚಂದಾಪುರದ ಕಡೆಯಿಂದ ಬಂತು. ಜೊಂಡು ಮಾತ್ರ ಹೊಳೆಯಲ್ಲೇ ಬೆಳೆದದ್ದಾಗಬೇಕು ಎಂದ ಸುಜಯ. ಅದು ಹೇರಳವಾಗಿದ್ದದ್ದು ತೆಗ್ಗಿನಹಾಳದ ಮಡುವಿನಲ್ಲಿ.

ಬೀಗರ ಊರಿಗೆ ಬೇಡಲು ಹೋಗುವುದು ಅಂಬಾರಾಯನ ಕುಲದಲ್ಲಿ ಯಾರೂ ಮಾಡದ ಕೆಲಸ. ಅವನು ಹೋದ. ಭೀಮಮ್ಮ ಸೆರಗಿನಲ್ಲಿ ಬಾಯಿ ಒರೆಸಿಕೊಂಡು ಕೇಳಿದಳು.

"ಸಂಕ್ರಾಂತಿಗಿ ನಮಗೆಲ್ಲ ಸುಣ್ಣಾ ಹಚ್ಚಿದ್ರಿ. ಈಗ ನಮ್ಮ ಜೊಂಡೂ ಬೇಕಂತೀರಿ. ಕೊಡಲಿಲ್ಲಂದ್ರ?"

"ಕೊಡಲಿಲ್ಲಂದ್ರ ನಾಳಿಗಿ ಮತ್ತ ಬಂದು ಕೇಳ್ತೀನ್ರಿ," ಎಂದ ಅವನು. "ನಾಡಿದ್ದೂ ಬರ್ತೀನಿ."

ಅವಳಿಗೆ ನಗು ಬಂತು, ತಡೆದುಕೊಂಡಳು. ಮರುದಿನ ರೇವಣಸಿದ್ದನ ಬಂಡಿಯೊಂದಿಗೆ ಇನ್ನೂ ನಾಲ್ಕು ಬಂಡಿ ಬಂದವು, ಬೇರುಸಹಿತ ಜೊಂಡು ತುಂಬಿಕೊಂಡು. ಕೊಡ ಬಗ್ಗಿಸಿದ ಹೆಂಗಸೂ ಬಂದಿದ್ದಳು. ಅವಳು ಅಂಬಾರಾಯನ ಜೊತೆ ಮಾತಾಡಲಿಲ್ಲ, ಆದರೆ ಅವನು ನೆಟ್ಟ ಗಡ್ಡೆಗಳನ್ನು ಕಿತ್ತು ಇನ್ನೂ ಆಳಕ್ಕೆ ನೆಟ್ಟಳು. ದೇವಿಕಾ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ನೆಡುತ್ತಿದ್ದಳು. ಇದು ಕರಿ ಕೆಸರು. ಅಪ್ಪನೂ ಮಗಳೂ ಹೆಚ್ಚು ಮಾತಾಡಲಿಲ್ಲ. ಒಮ್ಮೆ ಮಾತ್ರ ಅವಳು, ಬಿಸಿಲಾಗೇದ, ನೆರಳಿಗಿ ಕುಂದ್ರು ಎಂದಳು. ಅವನು ಕೂಡಲಿಲ್ಲ.

ಮಳೆಗಾಲ ಕಳೆದು ಗೇಟು ಹಾಕಿದರು. ನೀರು ಏರಿತು, ಒಡ್ಡು ಕಲ್ಲು ಮುಳುಗಿತು, ಜೊಂಡು ಸೊಂಟದವರೆಗೆ ಮುಳುಗಿ ತಲೆಯಾಡಿಸಿತು. ಒಂದು ಕಡೆ ಲಾವಂಚ ಸರಿಯಾಗಿ ಹಿಡಿಯದೆ ಬಂಡಿಯಷ್ಟು ಮಣ್ಣು ಜಾರಿತು. ಮತ್ತೆ ನೆಟ್ಟರು. ಗೇಟು ಎತ್ತಿ ನೀರು ಇಳಿದಾಗ ಅವನು ದಂಡೆಯ ಮೇಲೆಯೇ ಕೂತಿದ್ದ. ನೀರು ಹೋಯಿತು, ಮಣ್ಣು ಉಳಿಯಿತು. ಗಾರ್ಡನ್ ಮೊದಲಿಗಿಂತ ಸಣ್ಣದಾಗಿತ್ತು. ಹೆಂಗಸರು ಸಂಜೆ ಬಂದು ಒತ್ತೊತ್ತಾಗಿ ಕೂಡುತ್ತಿದ್ದರು. ಊರವರು ಅವನನ್ನು ಹೊಗಳಲಿಲ್ಲ. ಬೆನ್ನ ಹಿಂದೆ ಸುಣ್ಣದ ಅಂಬಾರಾಯ ಎಂಬ ಹೆಸರು ಬಂದು ಅಂಟಿಕೊಂಡಿತ್ತು. ಮೊದಲ ಸಲ ಕೇಳಿದಾಗ ಕಿವಿ ಸುಟ್ಟಿತು, ಆಮೇಲೂ ಸುಡುವುದು ನಿಲ್ಲಲಿಲ್ಲ.

ಮುಂದಿನ ಬೇಸಿಗೆಗೆ ಭೀಮಮ್ಮ ಹೇಳಿ ಕಳಿಸಿದಳು. ತೆಗ್ಗಿನಹಾಳದ ದಂಡೆಯೂ ಕಳಚುತ್ತಿದೆ, ಬಟ್ಟೆ ಒಗೆಯುವ ಕಲ್ಲುಗಳು ನೀರಿಗೆ ಹೋಗುತ್ತಿವೆ, ಇಂಜಿನಿಯರನ್ನು ಕರೆದುಕೊಂಡು ಬನ್ನಿ. ಬರುವಾಗ ಹೊಲದ ದಾರಿಯಿಂದ ಬರಬೇಡಿ, ಎಲ್ಲರೂ ಕಾಣುವ ಹಾಗೆ ಊರಬಾಗಿಲ ಅಗಸಿಯಿಂದ ಬನ್ನಿ.

ಅಂಬಾರಾಯನಿಗೆ ಹೊಲದ ದಾರಿಯೇ ಬೇಕಿತ್ತು. ಅದನ್ನು ಅವಳು ಹೇಗೆ ತಿಳಿದಳೋ. ಅಗಸಿಯೊಳಗೆ ಕಾಲಿಟ್ಟಾಗ ಕಟ್ಟೆಯ ಮೇಲಿದ್ದವರ ಮಾತು ನಿಂತಿತು. ದೇವಿಕಾ ಅಲ್ಲಿಗೇ ಬಂದು ನಿಂತಿದ್ದಳು. ಓಣಿಯುದ್ದಕ್ಕೂ ಅವನ ಪಕ್ಕದಲ್ಲೇ ನಡೆದಳು, ಸುಜಯ ಹಿಂದೆ. ಅಂಬಾರಾಯ ನೆಲ ನೋಡುತ್ತ ನಡೆದ. ಬಾಗಿಲಲ್ಲಿ ಜೋಳ ಹಸನು ಮಾಡುತ್ತಿದ್ದ ಹೊಸ ಸೊಸೆಯೊಬ್ಬಳು, ಇವರ್ಯಾರಕ್ಕಾ ಎಂದು ದೇವಿಕಾಳನ್ನು ಕೇಳಿದಳು.

"ನಮ್ಮಪ್ಪ," ಎಂದಳು ದೇವಿಕಾ. "ಹೊಳಿ ಬೆಳ್ಳಗ ಮಾಡಿದ್ದರಲ್ಲ, ಅವರು. ದಂಡಿ ನೋಡಲಿಕ್ಕಿ ಬಂದಾರ."

ಅವಳ ದನಿಯಲ್ಲಿ ಮುಚ್ಚಿಡುವ ನಡುಕವಿರಲಿಲ್ಲ. ಊರಿನ ಒಂದು ಸಂಗತಿ ಹೇಳಿದ ಹಾಗೆ ಹೇಳಿ ಮುಂದೆ ನಡೆದಳು, ತಲೆ ನೆಟ್ಟಗಿತ್ತು. ಅಂಬಾರಾಯನಿಗೆ ಮುಖ ಬಿಸಿಯಾಯಿತು. ಆದರೆ ಹೆಜ್ಜೆ ತಡೆಯಲಿಲ್ಲ. ಹೊಳೆಗೆ ಇಳಿದು, ಧೋತರದ ಚುಂಗು ಮೇಲೆ ಕಟ್ಟಿ, ಕಳಚಿದ ದಂಡೆಯ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತ. ಒಂದು ಹಿಡಿ ಮಣ್ಣು ತೆಗೆದು ಹಿಚುಕಿ ನೋಡಿದ. ಆಮೇಲೆ ತಲೆಯೆತ್ತಿ, ಇಲ್ಲಿ ಎಷ್ಟು ಜಾಗ ಬಿಡಬೇಕ್ರಿ ಸಾಹೇಬ್ರ ಎಂದು ಸುಜಯನನ್ನು ಕೇಳಿದ.